ಎರಡು ಕ್ಷಣ ನಿಲ್ಲಬೇಕು

ಮೈಕು ಮೂಗಿನ ಹತ್ತಿರ ಬಂದಾಗ ಅವನ ಬಾಯಿಂದ ಹೊರಟದ್ದು ‘ಇನ್ಶೂರೆನ್ಸ್’ ಎಂಬ ಸುಳ್ಳು.

ವೇದಿಕೆ ಇಳಿದು ಬಂದ ಹಾಸ್ಯಗಾರ್ತಿ ಎರಡನೆಯ ಸಾಲಿನ ಪಕ್ಕ ನಿಂತು ಅವನ ಕೆಲಸವೇನೆಂದು ಕೇಳಿದ್ದಳು. ಹೆಂಡತಿ ಕತ್ತು ತಿರುಗಿಸಿ ಅವನ ಮುಖ ನೋಡಿದಳು. ಹದಿನಾಲ್ಕು ವರ್ಷದಿಂದ ಅವನು ಒಬ್ಬ ಮಂತ್ರಿಗೆ ಭಾಷಣ ಬರೆದುಕೊಡುತ್ತಿದ್ದ. ಅದನ್ನು ಇಲ್ಲಿ ಹೇಳುವುದೆಂದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತು ತಾನಾಗಿಯೇ ಇನ್ನೊಂದು ಹಲ್ಲು ತೋರಿಸಿದ ಹಾಗೆ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮಲಗುವುದು ಅವನ ಯೋಚನೆಯಾಗಿತ್ತು. ಈ ಹಾಸ್ಯ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದವಳು ಹೆಂಡತಿ. ಒಂದು ದಿನವಾದರೂ ಬೇರೆಯವರ ಮಾತು ಕೇಳೋಣ ಎಂದಿದ್ದಳು. ಅದರಲ್ಲಿ ಚುಚ್ಚುವ ಉದ್ದೇಶ ಇತ್ತೋ ಇಲ್ಲವೋ, ಅವನು ವಿಚಾರಿಸಲು ಹೋಗಿರಲಿಲ್ಲ.

ಹಾಸ್ಯಗಾರ್ತಿಗೆ ಈಗ ಒಬ್ಬ ಮಂತ್ರಿ ಬೇಕಾಗಿದ್ದ. ಜನ ಪ್ರಶ್ನೆ ಕೇಳಬೇಕು, ಮಂತ್ರಿ ಉತ್ತರಿಸಬೇಕು, ಅದೇ ಆಟ.

“ಬನ್ನಿ ಸರ್. ಆಗದೇ ಇರೋದನ್ನ ಆಗುತ್ತೆ ಅನ್ನೋ ಅಭ್ಯಾಸ ನಿಮಗೆ ಹೇಗೂ ಇದೆ.”

ಜನ ನಕ್ಕರು. ಹೆಂಡತಿ ಮೊಣಕೈಯಿಂದ ಮೆಲ್ಲಗೆ ತಿವಿದಳು. ಅವನು ಎದ್ದ.

ಹಾಸ್ಯಗಾರ್ತಿ ಕೈಗೆ ಕೊಟ್ಟ ಚೀಟಿಯಲ್ಲಿದ್ದ ಮಂತ್ರಿಯ ಮಾತನ್ನು ಓದುವ ಅಗತ್ಯವೇ ಇರಲಿಲ್ಲ. ನೀರಿನ ಯೋಜನೆಯ ಉದ್ಘಾಟನೆಗೆಂದು ಮೂರು ಸಲ ಹೊಡೆದು ತಿದ್ದಿ ಅವನೇ ಬರೆದ ವಾಕ್ಯ. ಮಂತ್ರಿಗೆ ಕೊಟ್ಟ ಪ್ರತಿಯಲ್ಲಿ ಮಧ್ಯೆ ಪೆನ್ಸಿಲಿನಲ್ಲಿ ‘ಇಲ್ಲಿ ಎರಡು ಕ್ಷಣ ನಿಲ್ಲಬೇಕು’ ಎಂದು ಗುರುತು ಹಾಕಿದ್ದ. ಮಂತ್ರಿ ಅಲ್ಲಿ ನಿಲ್ಲದೆ ಕೆಮ್ಮಿದ್ದರು. ಊರೆಲ್ಲ ಮೊಬೈಲಿನಲ್ಲಿ ಕಂಡು ನಕ್ಕಿದ್ದು ಆ ಕೆಮ್ಮನ್ನು.

ಅವನು ಗಂಟಲು ಸರಿಮಾಡಿಕೊಂಡ. “ನಲ್ಲಿಯಲ್ಲಿ ನೀರು ಬಂದಿರದೇ ಇರಬಹುದು.” ನಿಂತ. ಒಂದು. ಎರಡು. “ಆದರೆ ನಲ್ಲಿ ಬಂದಿದೆ.”

ಸಭಾಂಗಣ ಒಮ್ಮೆಲೇ ಸಿಡಿಯಿತು. ಮೊದಲ ಸಾಲಿನವನೊಬ್ಬ ತೊಡೆ ತಟ್ಟಿಕೊಂಡ. ಹದಿನಾಲ್ಕು ವರ್ಷದಲ್ಲಿ ತನ್ನ ವಾಕ್ಯವೊಂದು ಜನರಿಗೆ ಮುಟ್ಟಿದ್ದನ್ನು ಅವನು ಕಣ್ಣಾರೆ ಕಂಡದ್ದು ಇದೇ ಮೊದಲು. ನಾಚಿಕೆಯಾಗಬೇಕಿತ್ತು. ಹಿತವಾಯಿತು.

ಆಗ ಹಿಂದಿನ ಸಾಲಿನಲ್ಲಿ ನರ್ಸ್ ಸಮವಸ್ತ್ರದ ಹೆಂಗಸೊಬ್ಬಳು ಎದ್ದು ನಿಂತಳು. ಡ್ಯೂಟಿ ಮುಗಿಸಿ ನೇರ ಬಂದವಳಿರಬೇಕು.

“ನಮ್ಮ ಬೀದಿಗೆ ನೀರು ಬಂದು ಹನ್ನೊಂದು ದಿನ ಆಯ್ತು. ಮನೇಲಿ ಹಾಸಿಗೆ ಹಿಡಿದಿರೋ ಅತ್ತೆ ಇದಾರೆ. ನಾನು ಏನು ಮಾಡ್ಲಿ, ಹೇಳಿ.”

ಕೆಲವರು ನಗಲು ಹೊರಟು, ಅವಳ ಮುಖ ನೋಡಿ ಸುಮ್ಮನಾದರು.

“ತಾಯಿ,” ಎಂದ ಅವನು, ತಡಮಾಡದೆ, “ನಿಮ್ಮ ತಾಳ್ಮೆಯೇ ಈ ಯೋಜನೆಯ ಮೊದಲನೇ ಹಂತ.”

ಈ ಸಲದ ನಗು ಮೊದಲಿಗಿಂತ ದೊಡ್ಡದು. ನರ್ಸ್ ಕೂಡ ಸೋತವಳಂತೆ ನಕ್ಕು ಕೂತಳು. ತಾನು ತಮಾಷೆ ಮಾಡಿರಲಿಲ್ಲ ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ಯಾರಾದರೂ ಕಷ್ಟ ಹೇಳಿಕೊಂಡರೆ ಅವನೊಳಗಿಂದ ಬರುತ್ತಿದ್ದುದೇ ಹಾಗೆ, ಇಸ್ತ್ರಿ ಮಾಡಿಕೊಂಡು.

ಹಾಸ್ಯಗಾರ್ತಿ ಮಾತ್ರ ನಗಲಿಲ್ಲ. “ಸರ್, ಮಂತ್ರಿ ಸಾಕು. ಈಗ ನೀವಾಗಿ ಹೇಳಿ. ಅವರಿಗೆ ಏನಂತೀರಿ?”

ಅವನು ಬಾಯಿ ತೆರೆದ. ಅತ್ತೆ ಹೇಗಿದ್ದಾರೆ ಎಂದು ಕೇಳಬಹುದಿತ್ತು. ಕ್ಷಮಿಸಿ ಎನ್ನಬಹುದಿತ್ತು. ಎರಡೂ ಬೇರೆ ಯಾರಿಗೋ ಬರೆದುಕೊಡಬೇಕಾದ ಮಾತಿನಂತೆ ಕಂಡವು. ಒಂದು ಕ್ಷಣ, ಎರಡು ಕ್ಷಣ, ಐದು. ಜನ ಅದನ್ನೂ ನಟನೆಯೆಂದುಕೊಂಡು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಹೊರಗಿನ ಓಣಿಯಲ್ಲಿ ಅಪರಿಚಿತನೊಬ್ಬ ಅವನ ಕೈ ಕುಲುಕಿ ಹೋದ.

“ಚೆನ್ನಾಗಿ ಮಾಡಿದ್ರಿ,” ಎಂದಳು ಹೆಂಡತಿ.

“ಮಂತ್ರೀನಾ?”

“ಇನ್ಶೂರೆನ್ಸ್‌ನೋರನ್ನ.”

ಆ ನರ್ಸ್ ಜೊತೆ ಒಂದು ಮಾತಾಡಿ ಬರುತ್ತೇನೆಂದು ಹೇಳಿ ಅವಳು ಗುಂಪಿನೊಳಗೆ ನುಗ್ಗಿದಳು. ತಾನೂ ಬರಲೇ ಎಂದು ಅವನು ಕೇಳಲಿಲ್ಲ. ಗದ್ದಲ ತಪ್ಪಿಸಿಕೊಳ್ಳಲು ಸಭಾಂಗಣಕ್ಕೆ ವಾಪಸು ಹೋಗಿ, ಸಿಕ್ಕ ಕುರ್ಚಿಯಲ್ಲಿ ಕೂತ. ಮೊಬೈಲು ತೆಗೆದು ತಾಳ್ಮೆಯ ಆ ವಾಕ್ಯವನ್ನು ಮರೆಯುವ ಮೊದಲು ಬರೆದಿಟ್ಟುಕೊಂಡ. ಮುಂದಿನ ವಾರ ಇನ್ನೊಂದು ಉದ್ಘಾಟನೆಯಿತ್ತು.

ವೇದಿಕೆಯ ಮೇಲೆ ಸೌಂಡಿನವನು ಸಂಜೆಯ ಆಟಕ್ಕೆ ಮೈಕು ಪರೀಕ್ಷಿಸುತ್ತಿದ್ದ.

“ಕೇಳಿಸ್ತಿದೆಯಾ?”

ಅವನು ಕೂತಲ್ಲಿಂದಲೇ ಕೈ ಎತ್ತಿದ. “ಕೇಳಿಸ್ತಿದೆ.”

“ನಿಮ್ಮನ್ನಲ್ಲ ಸರ್. ಹಿಂದಿನವರನ್ನ.”

ಅವನು ತಿರುಗಿ ನೋಡಿದ. ಹಿಂಬದಿಯಲ್ಲಿ ಸೌಂಡು ನಿಯಂತ್ರಿಸುವ ಗಾಜಿನ ಕೋಣೆಯಿಂದ ದೀಪ ನೇರ ಕಣ್ಣಿಗೇ ಹೊಡೆಯುತ್ತಿತ್ತು; ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲಿಲ್ಲ. ಸೌಂಡಿನವನು ಮತ್ತೆ ಅದನ್ನೇ ಕೇಳಿದ. ಖಾಲಿ ಕುರ್ಚಿಗಳ ಸಾಲುಗಳ ನಡುವೆ ಕೂತವನ ಕೈ ಇನ್ನೂ ಮೇಲೆಯೇ ಇತ್ತು.