ಯೂನುಸನ ಚೌಕಗಳು

೧೯೯೪ರಲ್ಲಿ ಕರಿಬಸಯ್ಯ ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟ. ರಕ್ತ ಕೊಡಲು ಒಪ್ಪಿದವರ ಹೆಸರು, ಊರು, ರಕ್ತದ ಗುಂಪು ಅದರಲ್ಲಿದ್ದವು. ಆದರೆ ಗುಂಪು ಒತ್ತಿದರೆ ಹೆಸರುಗಳು ಪರದೆಯ ಮೇಲೆ ಸರಸರ ಏರಿ ಮಾಯವಾಗುತ್ತಿದ್ದವು. ಕೌಂಟರಿನ ಕಸ್ತೂರೆಮ್ಮ ಒಂದು ವಾರ ನೋಡಿ, "ಇದು ಬರೇ ಓಡ್ತದ ರೀ. ನಿಂತ್ರ ಓದತೀನಿ" ಅಂದಳು.

ಹೆಸರುಗಳನ್ನು ನಿಲ್ಲಿಸುವ ವಿದ್ಯೆ ಅವನ ಹಳೆಯ ಪಾಲುದಾರ ಯೂನುಸನದು. ಇಬ್ಬರೂ ಕೂಡಿ ಮಸ್ಕಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಾಗ ಅವನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪರದೆಯ ಮೇಲೆ ಮೂಡುವ ಚೌಕ, ಮೆನು, ಬಾಣದ ಕೀಲಿ ಒತ್ತಿದಂತೆ ಸರಿಯುವ ಪಟ್ಟಿ ಎಲ್ಲ ಬರೆದಿದ್ದ. ಕ್ಲಾಸ್ ಮುಚ್ಚಿದಾಗ ತಪ್ಪು ಯಾರದೆಂದು ಜಗಳವಾಗಿ ಮಾತು ಬಿಟ್ಟಿದ್ದರು. ಆ ಕೆಲಸದ ಪ್ರತಿ ಮಾತ್ರ ಕರಿಬಸಯ್ಯನ ಫ್ಲಾಪಿಯಲ್ಲಿ ಉಳಿದಿತ್ತು.

ಕರಿಬಸಯ್ಯನ ಪ್ರೋಗ್ರಾಂ ಇದ್ದದ್ದು ಪಾಸ್ಕಲ್ ಎಂಬ ಬೇರೊಂದು ಭಾಷೆಯಲ್ಲಿ. ಯೂನುಸನನ್ನು ಕೇಳದೆಯೇ ಅವನ ಚೌಕವನ್ನು ಅದಕ್ಕೆ ಜೋಡಿಸಿದ. ನಡುವೆ ಬರಬೇಕಾದ ಚೌಕ ಮೂಲೆಯಲ್ಲಿ ಅಡ್ಡಾದಿಡ್ಡಿ ಮೂಡಿತು, ಮರುಕ್ಷಣ ಕಂಪ್ಯೂಟರ್ ಕಲ್ಲಿನಂತೆ ನಿಂತಿತು. ಏನು ಮಾಡಿದರೂ ಅಷ್ಟೇ. ಕೊನೆಗೆ ಯೂನುಸನಿದ್ದ ಲಿಂಗಸುಗೂರಿನ ಬಸ್ಸು ಹತ್ತಿದ.

ಬಾಗಿಲು ತೆರೆದವಳು ಯೂನುಸನ ತಾಯಿ ಕರೀಮಾಬಿ. "ಈಗ ದಾರಿ ನೆನಪಾತೇನಪಾ?" ಅಂದು ಚಹಾಕ್ಕೆ ನೀರಿಡಲು ಹೋದಳು.

ಕರಿಬಸಯ್ಯ ಕೊಟ್ಟ ಪ್ರೋಗ್ರಾಂನ ಹಾಳೆಗಳನ್ನು ಯೂನುಸ ತಿರುವಿ ಹಾಕಿದ.

"ಇದು ನಂದು. ಕೇಳಲಿಲ್ಲ ನೀ."

"ಕೇಳಾಕ ಮುಖ ಇರಲಿಲ್ಲ."

ಯೂನುಸ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟ. "ನಿನ್ನ ಪಾಸ್ಕಲ್ ಚೌಕದ ಅಳತಿ ಅಂಕಿಗಳನ್ನ ಮೊದಲಿಂದ ಕೊಡ್ತದ. ನನ್ನ ಸಿ ಕೊನೆಯಿಂದ ಬರ್ತಾವಂತ ತಿಳಿದು ತಗೋತದ. ನೀ ಎಷ್ಟನೇ ಸಾಲು ಅಂದದ್ದು ಅದಕ್ಕ ಅಗಲ ಆಗ್ಯಾದ. ನಡುವ ತಿರುವಿ ಕೊಡೋದೊಂದು ಬರೀಬೇಕು."

ಸಂಜೆಯವರೆಗೆ ಕೂತು ತನ್ನ ಒಂದೊಂದು ಚೌಕಕ್ಕೂ ಅಂಕಿಗಳನ್ನು ತಿರುವಿ ಕೊಡುವ, ಪಾಸ್ಕಲ್‌ಗೆ ಒಪ್ಪುವ ಹೊದಿಕೆ ಬರೆದ. ಅಲ್ಲೇ ಯೂನುಸನ ಕಂಪ್ಯೂಟರಿನಲ್ಲಿ ಓಡಿಸಿದರು. ಚೌಕ ಪರದೆಯ ನಟ್ಟನಡುವೆ ಬಂತು, ಅದರೊಳಗೆ ಹೆಸರುಗಳು ನಿಂತವು. ಕರಿಬಸಯ್ಯ ಯೂನುಸನ ಕಡೆ ತಿರುಗಿದ.

"ಮತ್ತ ಕೂಡಿ ಮಾಡೋಣೇನು?"

"ಬ್ಯಾಡ. ಹಿಂಗ ಬರ್ತಿರು, ಕೇಳಿದ್ದು ಮಾಡಿ ಕೊಡತೀನಿ. ಪಾಲುಗಾರಿಕಿ ಬ್ಯಾಡ."

ಕರಿಬಸಯ್ಯನಿಗೆ ಬೇಸರವಾಯಿತು. ಆದರೂ ಅದೇ ಸರಿಯೆಂದು ಬಸ್ಸಿನಲ್ಲಿ ಅನ್ನಿಸಿತು.

ಮುಂದಿನ ತಿಂಗಳು ಚೌಕ ಹೇಗೆ ನಡೆಯುತ್ತಿದೆಯೆಂದು ನೋಡಲು ಯೂನುಸ ತಾನೇ ಸಿಂಧನೂರಿಗೆ ಬಂದ. ಹೆರಿಗೆಗೆ ಬಂದ ಹೆಣ್ಣುಮಗಳೊಬ್ಬಳಿಗೆ ರಕ್ತ ಬೇಕಾಗಿತ್ತು. ಕಸ್ತೂರೆಮ್ಮ ಬಾಣದ ಕೀಲಿ ಒತ್ತುತ್ತ ಪಟ್ಟಿಯನ್ನು ಒಂದು ಹೆಸರಿನ ಮೇಲೆ ನಿಲ್ಲಿಸಿದಳು. "ಗೊರೇಬಾಳದ ವೆಂಕೋಬ ಅದಾನ ರೀ, ಹೇಳಿ ಕಳಸ್ರಿ." ವೆಂಕೋಬ ಬೈಕಿನಲ್ಲಿ ಬಂದು ರಕ್ತ ಕೊಟ್ಟ, ಆ ಹೆಣ್ಣುಮಗಳು ಉಳಿದಳು. ಆ ಹೊತ್ತಿಗೆ ಯೂನುಸ ಮತ್ತು ಕರಿಬಸಯ್ಯ ಎದುರಿನ ಹೋಟೆಲಿನಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತ ಕೂತಿದ್ದರು.