ದಾರ ಸುತ್ತಿದ ದುರ್ಬೀನು

ದೋಷ ತನ್ನ ಕಣ್ಣಿನದೇ ಇರಬೇಕು ಎಂದು ಬುರುಲ್‌ಗೆ ಅನ್ನಿಸತೊಡಗಿ ಬಹಳ ದಿನಗಳಾಗಿದ್ದವು. ಯಾರೊಡನೆಯೂ ಹೇಳಿಕೊಂಡಿರಲಿಲ್ಲ, ಸಣ್ಣಪುಟ್ಟದ್ದನ್ನೆಲ್ಲ ಬರೆದಿಡುವ ದಿನಚರಿಯಲ್ಲೂ ಆ ಮಾತಿಗೆ ಜಾಗ ಕೊಟ್ಟಿರಲಿಲ್ಲ. ಈ ಬೆಳಿಗ್ಗೆಯೂ ಡೇರೆಯ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ತಾತನ ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಎಡಗಡೆ ಬರೀ ಕತ್ತಲು. ಬಲಗಡೆ ನೀರು ಬೆರೆಸಿದ ಹಾಲಿನಂಥ ಬಿಳುಪು, ಅದರೊಳಗೆ ಕುದುರೆಯೋ ಬಂಡೆಯೋ ತಿಳಿಯದ ಒಂದಿಷ್ಟು ಕಲೆಗಳು.

ಕಾಲಬುಡದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ ಅಜ್ಜಿ ಸಬೀರಾ ಚಹಾದ ಬಟ್ಟಲಿಗೆ ಹೇಳುವವಳಂತೆ ಗೊಣಗಿದಳು. "ಬೂದು ಹೆಣ್ಣುಕುದುರೆ ಹಳ್ಳ ದಾಟಿರಬೇಕಲ್ವಾ? ಮರೀನೂ ಬೆನ್ನಿಗೇ ಇರುತ್ತೆ."

"ಹೂಂ ಅಜ್ಜಿ. ಬೆನ್ನಿಗೇ ಇದೆ."

"ಉಳಿದವು ಕೆಂಪು ದರೆಯ ಬುಡದಲ್ಲಿ."

"ಅಲ್ಲೇ ಇವೆ."

ಸುಳ್ಳು ನಾಲಿಗೆಯ ಮೇಲೆ ಹಳಸಿದ ಬೆಣ್ಣೆಯ ಹಾಗೆ ಅಂಟಿಕೊಳ್ಳುತ್ತಿತ್ತು. ಬಲಗಣ್ಣಿನ ಗಾಜಿನ ಸುತ್ತ ಒಂದು ಸಣ್ಣ ಬಳೆ ಇತ್ತು. ಅದನ್ನು ತಿರುಗಿಸಿದರೆ ನೋಟ ಸರಿಹೋದೀತು ಎಂಬುದು ಓದಿದವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಾತ ಅದು ಅಲುಗದಂತೆ ಡಾಂಬರು ಹಚ್ಚಿದ ದಾರ ಸುತ್ತಿದ್ದ. ತಾತ ತೀರಿಕೊಂಡದ್ದು ವಸಂತದಲ್ಲಿ, ಮಂದೆ ಬೆಟ್ಟದ ಹುಲ್ಲುಗಾವಲಿಗೆ ಹೊರಡುವ ಮೊದಲು. ವರ್ಷದ ಊಟ ಆಗುವವರೆಗೆ ಸತ್ತವನ ಕುದುರೆ ಹತ್ತುವಂತಿಲ್ಲ, ಅವನ ಜೀನಿಗೆ ತೂಗುವ, ಕಾಲೂರುವ ರಿಕಾಪಿನ ಪಟ್ಟಿಯನ್ನು ಇನ್ನೊಬ್ಬರ ಕಾಲಿಗೆ ತಕ್ಕಂತೆ ಮೋಟು ಮಾಡುವಂತಿಲ್ಲ. ರಿಕಾಪಿಗೆ ಸಲ್ಲುವ ಮಾತು ದುರ್ಬೀನಿಗೂ ಸಲ್ಲುತ್ತದೆಂದು ಬುರುಲ್ ತಾನೇ ತೀರ್ಮಾನಿಸಿಕೊಂಡು, ತಾತನ ಕಣ್ಣಿನ ಅಳತೆಯಲ್ಲೇ ಬೇಸಿಗೆಯುದ್ದಕ್ಕೂ ಮಂಜು ನೋಡಿದ್ದಳು.

ಕಾಣುತ್ತಿಲ್ಲ ಎಂದುಬಿಡುವಂತೆಯೂ ಇರಲಿಲ್ಲ. "ಮಂದೆ ಮೇಲೆ ಕಣ್ಣಿಡೋರು ಯಾರಾದ್ರೂ ಇದ್ರೆ ಸರಿ. ಇಲ್ಲಾಂದ್ರೆ ಕುದುರೆ ಮಾರಿ, ಡೇರೆ ಬಿಚ್ಚಿ, ಅಮ್ಮನ್ನ ನರೀನ್‌ಗೆ ಕರ್ಕೊಂಡ್ಹೋಗ್ತೀನಿ," ಎಂದು ಚಿಕ್ಕಪ್ಪ ಎಸೆನ್ ಆಗಲೇ ಹೇಳಿದ್ದ. ನರೀನ್ ಪಟ್ಟಣ ಎಂದರೆ ಚಿಕ್ಕಪ್ಪನ ಮೂರನೇ ಮಹಡಿಯ ಮನೆ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಅಜ್ಜಿ ಅಂದು ಕರವಸ್ತ್ರದ ತುದಿ ಹಿಂಡುತ್ತ ಕೂತಿದ್ದಳು. "ನಾನಿದ್ದೀನಲ್ಲ" ಎಂದು ಬುರುಲ್ ಹೇಳಿದ್ದಳು. ನಾಲ್ಕು ಜನರೆದುರು ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಅದೇ ಮೊದಲು.

ಮಧ್ಯಾಹ್ನ ಹಾಲು ಕರೆಯುವ ಹೊತ್ತಿಗೆ ಎಸೆನ್‌ನ ಜೀಪು ಬಂತು. ಜೊತೆಗೆ ದೂಲೋತ್ ಎಂಬ ದಪ್ಪ ಮನುಷ್ಯ. ಹಳೆಯ ಜೀನು, ಬೆಳ್ಳಿ, ಪದಕಗಳನ್ನು ಕೊಂಡು ಪ್ರವಾಸಿಗರಿಗೆ ಮಾರುವವನು. ಕುದುರೆ ಹಾಲು ಹುಳಿಬರಿಸಿದ ಕುಮಿಸ್ ಒಂದು ಬಟ್ಟಲು ಗಂಟಲಿಗಿಳಿದ ಮೇಲೆ ಅವನು ದುರ್ಬೀನು ಕೈಗೆತ್ತಿಕೊಂಡ.

"ನಮ್ಮಪ್ಪನ ಅಪ್ಪ ಯುದ್ಧಕ್ಕೆ ಹೋದಾಗ ಬರ್ಲಿನ್ನಿಂದ ತಂದಿದ್ದು," ಎಂದ ಎಸೆನ್. "ಜರ್ಮನ್ ಅಧಿಕಾರಿಯ ಕೊರಳಿಂದ ಕಿತ್ಕೊಂಡಿದ್ದಂತೆ."

ದೂಲೋತ್ ಹೆಬ್ಬೆರಳಿಗೆ ಉಗುಳು ಸವರಿ ಹಿತ್ತಾಳೆಯನ್ನು ಉಜ್ಜಿದ. "ಎಲ್ಲರ ಮನೆ ತಾತಂದಿರೂ ಅದೇ ಒಬ್ಬ ಅಧಿಕಾರಿ ಕೊರಳಿಗೆ ಬಿದ್ದಿದ್ರೇನಪ್ಪಾ! ಇಲ್ನೋಡು, ಗಾಜಿನ ತುಂಡಿನೊಳಗೆ ಬೆಳಕು ಹಾಯೋ ಈ ಗುರುತು ರಷ್ಯಾದ್ದು. ಕೊರೆದ ನಂಬರಿನ ಮೊದಲೆರಡು ಅಂಕಿ ಐವತ್ತಾರು, ಅದೇ ಮಾಡಿದ ವರ್ಷ. ಯುದ್ಧ ಮುಗಿದು ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು ಇದು."

"ಅಯ್ಯೋ! ಬೆಲೆ?"

"ತಡಿ, ನೋಡ್ತೀನಿ." ಅವನು ಕಣ್ಣಿಗಿಟ್ಟು, ಆಕಾಶಕ್ಕೆತ್ತಿ, ತಿರುಗಿಸಿ ಇನ್ನೊಂದು ತುದಿಯಿಂದಲೂ ಇಣುಕಿದ. ನಗು ಸ್ವಲ್ಪ ಇಳಿಯಿತು. "ಎಡಗೊಳವೆ ಸತ್ತಿದೆ. ಒಳಗೆ ಬೂಷ್ಟು ಕಂಬಳಿ ನೇಯ್ದಿದೆ. ಒಂದೆರಡು ವರ್ಷದ್ದಲ್ಲ ಇದು. ಬಲಗಡೆ ಬಳೆ ಕೊನೇವರೆಗೂ ತಿರುಗಿ ನಿಂತಿದೆ, ಅದಕ್ಕಿಂತ ಮುಂದೆ ಹೋಗಲ್ಲ. ಇಷ್ಟಕ್ಕೆ ದಾರ ಕಟ್ಟಿದವನಿಗೆ ತನ್ನ ಕುದುರೆ ಕಿವೀನೂ ಕಂಡಿರಲಿಕ್ಕಿಲ್ಲ. ಒಂದು ಕುರಿಗೂ ಬಾಳಲ್ಲ, ಮಾರಾಯ."

"ಬಾಯಿ ಬಿಗಿಹಿಡಿ," ಎಂದ ಎಸೆನ್. "ನಮ್ಮಪ್ಪ ಆಚೆ ಗುಡ್ಡದ ತೋಳದ ಮೀಸೆ ಎಣಿಸ್ತಿದ್ದ. 'ತಾಶ್ತಾನನ ಕಣ್ಣು' ಅಂತ ಅಪ್ಪನ ಹೆಸರೇ ಕಣಿವೆಗೆಲ್ಲ ಗಾದೆ."

ದೂಲೋತ್ ದಾರಕ್ಕೆ ಚಾಕು ಹಾಕಲು ಹೋದ. ಅಜ್ಜಿ ಥಟ್ಟನೆ ಕೈಚಾಚಿ ದುರ್ಬೀನನ್ನು ಮಡಿಲಿಗೆಳೆದುಕೊಂಡಳು.

ಬುರುಲ್‌ಗೆ ಚಿಕ್ಕಂದಿನ ಬೆಳಗುಗಳು ನೆನಪಾದವು. ತಾತ ದುರ್ಬೀನು ಹಿಡಿದು ಕಂಬದಂತೆ ನಿಂತಿರುತ್ತಿದ್ದ. ಅಜ್ಜಿ ಅವನ ಕಾಲಬುಡದಲ್ಲಿ ಕೂತು ಚಹಾದ ಬಟ್ಟಲಿಗೆ ಏನೋ ಗೊಣಗುತ್ತಿದ್ದಳು. ಆಮೇಲೆ ತಾತ ಕಣಿವೆಗೆಲ್ಲ ಕೇಳುವಂತೆ, "ಬೂದು ಕುದುರೆ ಹಳ್ಳ ದಾಟಿದೆ!" ಎಂದು ಕೂಗುತ್ತಿದ್ದ. ಮುದುಕಿಗೆ ಒಬ್ಬಳೇ ಮಾತಾಡುವ ಚಾಳಿ ಎಂದು ಮಕ್ಕಳೆಲ್ಲ ನಗುತ್ತಿದ್ದರು. ಆ ಗೊಣಗಾಟ ತಾತನ ಕಿವಿಗೆಂದೇ ಇದ್ದದ್ದು.

ಎಸೆನ್ ಬುರುಲ್ ಕಡೆ ತಿರುಗಿದ. "ಅಲ್ವೇ ಹುಡುಗಿ, ಇದರಲ್ಲಿ ಏನೂ ಕಾಣಲ್ಲ ಅಂತಾನೆ ಇವನು. ನೀನು ದಿನಾ ನಿಂತು ನೋಡ್ತಿದ್ದದ್ದು ಏನನ್ನ?"

ಚಿಕ್ಕಪ್ಪನ ಕಣ್ಣು ಅವಳಿಂದ ತನ್ನ ಅಮ್ಮನ ಕಡೆಗೆ ನಿಧಾನವಾಗಿ ಸರಿಯಿತು. ಅಲ್ಲಿ ಇನ್ನೂ ಆಕಾರ ತಳೆಯದ ಒಂದು ಪ್ರಶ್ನೆ ಇತ್ತು. "ಹಾಗಾದ್ರೆ ಅಪ್ಪ..."

"ಡೇರೆ ಬಿಚ್ಚು, ಎಸೆನ್," ಎಂದು ಅಜ್ಜಿ ಅವನ ಮಾತನ್ನು ಅಲ್ಲಿಗೇ ಕತ್ತರಿಸಿದಳು. "ನನಗೂ ಸಾಕಾಗಿದೆ. ನರೀನ್‌ಗೇ ಹೋಗೋಣ."

ಅವಳ ದನಿ ಸಮವಾಗಿತ್ತು. ಬೆರಳು ಮಾತ್ರ ದಾರದ ಗಂಟನ್ನು ಮುಚ್ಚಿಕೊಂಡು, ಗಂಡನ ಬೆತ್ತಲೆ ಮೈಗೆ ಹೊದಿಕೆ ಹೊದಿಸಿದಂತೆ, ಅಲ್ಲೇ ಒತ್ತಿ ಕೂತಿತ್ತು. ಅವಳ ಆ ಕಣ್ಣುಗಳು ದೂರದ ದರೆಯ ಮೇಲಿದ್ದವು. ಇನ್ನೊಂದು ವಾರಕ್ಕೆ ಅವುಗಳೆದುರು ಒಂದು ಗೋಡೆ ಇರುತ್ತದೆ.

ಎಸೆನ್ ಎದ್ದು ಡೇರೆಯ ಹಗ್ಗಕ್ಕೆ ಕೈಹಾಕಿದ.

"ಚಿಕ್ಕಪ್ಪ." ಬುರುಲ್‌ ಅವನೆದುರು ಬಂದು ನಿಂತಳು. "ಬೇಸಿಗೆಯೆಲ್ಲ ನನಗೊಂದೂ ಕಾಣಿಸಲಿಲ್ಲ. ಅಜ್ಜಿ ಬರಿಗಣ್ಣಲ್ಲಿ ನೋಡಿ ಹೇಳ್ತಿದ್ರು, ನಾನು ಹೂಂಗುಟ್ತಿದ್ದೆ. ಮಂದೆ ಕಾದಿದ್ದು ಅಜ್ಜಿ."

ಹಗ್ಗ ಹಿಡಿದ ಕೈ ನಿಂತಿತು. ಅಜ್ಜಿ ತಲೆ ಎತ್ತಲಿಲ್ಲ. ಗಂಟಿನ ಮೇಲಿನ ಬೆರಳನ್ನು ಮೆಲ್ಲಗೆ ತೆಗೆದು, ಕಂಬಳಿಯ ಮೇಲೆ ಒಂದಿಷ್ಟು ಸರಿದು ಕೂತು, ಪಕ್ಕದಲ್ಲಿ ಮೊಮ್ಮಗಳಿಗೆ ಜಾಗ ಮಾಡಿದಳು.