ಚಾಳದ ನಳ

ಹುಬ್ಬಳ್ಳಿಯಿಂದ ಬರಬೇಕಿದ್ದ ದುಭಾಷಿ ಜ್ವರ ಹಿಡಿದು ಮಲಗಿಬಿಟ್ಟಿದ್ದ. ಆಫ್ರೀನ ವಿದ್ಯಾಗಿರಿಯ ಮನೆಯಲ್ಲಿ ಸುಸಲಾ ತಿನ್ನುತ್ತ ಕುಳಿತಿದ್ದಾಗ ಆಫೀಸಿನ ಮೇಲಧಿಕಾರಿ ಧರ್ಮರಾಜ ಸಾಹೇಬರ ಫೋನು ಬಂತು. ಇವತ್ತಿನ ಇಂಗ್ಲಿಷಿನ ಕೆಲಸವೆಲ್ಲ ನಿನ್ನದೇ, ಬೇಗ ಆಫೀಸಿಗೆ ಬಾ ಎಂದರು. ಅವಳು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಕುಡಿಯುವ ನೀರಿನ ಯೋಜನೆಯ ಬಾಗಲಕೋಟೆ ಆಫೀಸಿನಲ್ಲಿ ಅವಳಿಗೆ ಗುತ್ತಿಗೆಯ ನೌಕರಿ. ಓಣಿ ಓಣಿ ತಿರುಗಿ, ಮನೆಮನೆಗೆ ನಳ ಬರುತ್ತದೆ, ಮೀಟರು ಕೂಡಿಸುತ್ತಾರೆ ಎಂದು ಜನರಿಗೆ ತಿಳಿಸುವುದೇ ಅವಳ ಕೆಲಸ. ಯೋಜನೆಗೆ ಹೊರದೇಶದ ಬ್ಯಾಂಕೊಂದು ಸಾಲ ಕೊಟ್ಟಿತ್ತು. ಪ್ರತಿ ಕಂತು ಬಿಡುವ ಮೊದಲು ಅಲ್ಲಿಂದ ಯಾರಾದರೂ ಬಂದು, ಜನರಿಗೆ ಒಳ್ಳೆಯದಾಗಿದೆಯೇ ಎಂದು ಕಣ್ಣಾರೆ ನೋಡಿ ಹೋಗುತ್ತಿದ್ದರು. ಈ ಸಲ ಬಂದವರು ಕೀನ್ಯಾ ದೇಶದ ವಾಂಜಿರು ಮೇಡಂ. ಎತ್ತರದ ಆಳು, ತಲೆತುಂಬ ಸಣ್ಣ ಸಣ್ಣ ಜಡೆ, ಕಾಲಲ್ಲಿ ಧೂಳಿಗೆ ಹೆದರದ ಬೂಟು.

ಇಳಕಲ್ಲಿಗೆ ಹೊರಡಲು ಮೇಡಂ ಕಾರು ಹತ್ತುವ ಮೊದಲು ಧರ್ಮರಾಜ ಆಫ್ರೀನಳನ್ನು ಬದಿಗೆ ಕರೆದರು. "ನೋಡವಾ, ನಮ್ಮ ಮಂದಿ ಉದ್ದ ಮಾತಾಡ್ತಾರ. ನೀ ಸಣ್ಣದ ಮಾಡಿ, ಚೊಲೊದಷ್ಟ ಹೇಳು."

ಆಫ್ರೀನ ತಲೆಯಾಡಿಸಿದಳು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಹುನಗುಂದ ದಾಟುವವರೆಗೂ ಮೇಡಂ ಜೋಳದ ಹೊಲ, ಸೂರ್ಯಕಾಂತಿ, ಗುಲಾಬಿ ಬಣ್ಣದ ಕಲ್ಲಿನ ಗಣಿ ಎಂದು ಕಂಡಕಂಡದ್ದನ್ನೆಲ್ಲ ಕೇಳುತ್ತ ಬಂದರು. ತನ್ನ ಇಂಗ್ಲಿಷು ಎಲ್ಲಿಯೂ ಎಡವದೆ ಓಡುತ್ತಿದ್ದುದಕ್ಕೆ ಆಫ್ರೀನಳಿಗೆ ಒಳಗೊಳಗೇ ಹಿಗ್ಗು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಪೆಂಡಾಲು ಹಾಕಿದ್ದರು. ಓಣಿಯ ಹಿರಿಯ ರಾಚಪ್ಪ ಮೇಡಂಗೆ ಹಾರ ಹಾಕಿ, ಮೈಕು ಹಿಡಿದು, ಇಳಕಲ್ಲ ಸೀರೆಯಿಂದ ಶುರುಮಾಡಿ ತಮ್ಮ ಅಜ್ಜ ತೋಡಿಸಿದ ಬಾವಿಯವರೆಗೂ ಮಾತಾಡಿದರು. ಬಿಸಿ ಚಾ ಆರಿಹೋಯಿತು. ಆಫ್ರೀನ ಅದನ್ನೆಲ್ಲ ಒಂದೇ ವಾಕ್ಯಕ್ಕೆ ಇಳಿಸಿದಳು: ನಿಮಗೆ ಸ್ವಾಗತ ಅನ್ನುತ್ತಿದ್ದಾರೆ. ಮೇಡಂ ನಕ್ಕರು. ಧರ್ಮರಾಜರ ಮುಖವೂ ಅರಳಿತು.

ಅಷ್ಟರಲ್ಲಿ ಹೆಂಗಸರ ನಡುವಿನಿಂದ ಒಬ್ಬಾಕೆ ಎದ್ದು ನಿಂತಳು. ಹೆಸರು ಸತ್ಯವ್ವ, ಕೂಲಿ ಮಗ್ಗದಲ್ಲಿ ನೇಯುವಾಕೆ. ಸೆರಗು ಸರಿಪಡಿಸಿಕೊಂಡು, ಮೈಕಿಲ್ಲದೆಯೇ ಮಾತಾಡಿದಳು. "ಮನಿ ಇದ್ದವರಿಗೆ ನಳ ಬಂತ್ರಿ. ನಾವು ಚಾಳದಾಗ ಬಾಡಿಗಿ ಇರಾವ್ರು. ಮಾಲಕರು ನಮಗ ನಳ ಹಾಕ್ಸಂಗಿಲ್ಲ ಅಂತಾರ. ಮುಂದಿನ ತಿಂಗಳ ಓಣಿ ನಳಾನೂ ಬಂದ್ ಮಾಡ್ತಾರಂತ. ನಾವು ಕೊಡ ತಗೊಂಡು ಎಲ್ಲಿಗೆ ಹೋಗೂದ್ರಿ?"

ಮನೆಗೊಂದು ನಳ ಬಂದಮೇಲೆ ಓಣಿಯ ಸಾರ್ವಜನಿಕ ನಳ ಮುಚ್ಚಬೇಕೆಂಬುದು ಯೋಜನೆಯ ಕರಾರು. ಇಲ್ಲವಾದರೆ ಮೀಟರಿನ ನೀರನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಮೇಲಿನವರ ಲೆಕ್ಕಾಚಾರ. ಚಾಳದ ಮಂದಿ ಆ ಲೆಕ್ಕಕ್ಕೆ ಬಂದೇ ಇರಲಿಲ್ಲ. ಧರ್ಮರಾಜ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತ, ಯೋಜನೆ ಚೊಲೊ ಐತಿ ಅಂದಳು ಅಂತ ಹೇಳು ಎಂದು ಮೆಲ್ಲಗೆ ಅಂದರು.

ಆಫ್ರೀನ ಹಾಗೆಯೇ ಹೇಳಿಬಿಟ್ಟಳು. ಬಾಯಿ ತಾನಾಗಿಯೇ ಹೇಳಿದಂತಾಯಿತು.

ಸತ್ಯವ್ವ ಕುಳಿತುಕೊಳ್ಳಲಿಲ್ಲ. "ನಾ ಅಷ್ಟುದ್ದ ಹೇಳಿದ್ನಿ, ನೀ ಇಷ್ಟರಾಗ ಮುಗಿಸಿದೆಲ್ಲ ತಂಗಿ. ನೀರಂದ್ರ ವಾಟರ್ ಅಂತ ನನಗೂ ಗೊತ್ತೈತಿ. ಆ ಮಾತ ನಿನ್ನ ಬಾಯಾಗ ಬರ್ಲೇ ಇಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ಆಫ್ರೀನಳ ಕಿವಿ ಬಿಸಿಯಾದವು. ಮಾರ್ಚಿಗೆ ಗುತ್ತಿಗೆ ಮುಗಿಯುತ್ತದೆ, ಅದನ್ನು ಮುಂದುವರಿಸುವ ಸಹಿ ಪಕ್ಕದಲ್ಲಿ ಕುಳಿತ ಧರ್ಮರಾಜರದೇ. ಅದು ನೆನಪಿತ್ತು. ಆದರೂ ಎದುರಿಗೆ ನಿಂತಿದ್ದ ಆ ಹೆಂಗಸಿನ ಮುಖವನ್ನು ನೋಡುತ್ತ ಸುಮ್ಮನಿರುವುದು ಅವಳಿಂದ ಆಗಲಿಲ್ಲ. ಮೇಡಂ ಕಡೆಗೆ ತಿರುಗಿ, ಕ್ಷಮಿಸಿ, ನಾನು ಈಗ ಹೇಳಿದ್ದು ಅವರ ಮಾತಲ್ಲ ಎಂದಳು. ಸತ್ಯವ್ವ ಅಂದದ್ದನ್ನು ಒಂದು ಮಾತೂ ಬಿಡದೆ ಹೇಳಿದಳು.

ವಾಂಜಿರು ಮೇಡಂ ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಆ ಚಾಳ ತೋರಿಸಿ ಎಂದು ಎದ್ದೇಬಿಟ್ಟರು.

ಓಣಿಯ ಕೊನೆಯಲ್ಲಿತ್ತು ಚಾಳ. ಒಂದಕ್ಕೊಂದು ಅಂಟಿದ ತಗಡಿನ ಕೋಣೆಗಳು, ಒಳಗೆ ಮಗ್ಗದ ಲಟಕ್ ಲಟಕ್ ಸದ್ದು. ಎದುರಿಗೆ ಓಣಿಯ ನಳ, ಅದರ ಸುತ್ತ ಕೊಡಗಳು. ಇದರ ಮಾಲಕರು ಯಾರು ಎಂದು ಮೇಡಂ ಕೇಳಿದರು. ಆಫ್ರೀನ ಅದನ್ನು ಕನ್ನಡದಲ್ಲಿ ಕೇಳಿದಳು. ಎಲ್ಲರ ಕಣ್ಣುಗಳು ಒಬ್ಬರ ಕಡೆಗೆ ಹೊರಳಿದವು. ರಾಚಪ್ಪ ಪಟಕ ತೆಗೆದು ತಲೆ ಕೆರೆದುಕೊಂಡರು.

"ನಂದ ಐತ್ರಿ. ನಾ ಕೆಟ್ಟ ಮನಶ್ಯಾ ಅಲ್ಲ. ನಳ ಹಾಕಿಸಿದ್ರ ಮೀಟರ್ ನನ್ನ ಹೆಸರಲೆ ಬರತೈತಿ. ಇವ್ರು ನೀರ ತುಂಬಿ, ಬಿಲ್ಲ ಬಿಟ್ಟು ಮನಿ ಖಾಲಿ ಮಾಡಿದ್ರ ನಾ ಏನ ಮಾಡ್ಲಿ?"

ಆಫ್ರೀನ ಅದನ್ನೂ ಹಾಗೆಯೇ ಹೇಳಿದಳು. ಆ ಮಾತೂ ಖರೆಯೇ ಎಂದರು ಮೇಡಂ. ನಳದ ಕಟ್ಟೆಯ ಮೇಲೆಯೇ ಕುಳಿತರು. ರಾಚಪ್ಪನವರೂ ಕುಳಿತರು, ಸತ್ಯವ್ವನೂ ಕುಳಿತಳು. ನಡುವೆ ಕುಳಿತ ಆಫ್ರೀನ ಅತ್ತ ಒಂದು ಭಾಷೆ, ಇತ್ತ ಒಂದು ಭಾಷೆ ಆಡಿ ಆಡಿ, ಗಂಟಲು ಒಣಗಿ ಯಾರದೋ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದಳು. ಚಾಳಕ್ಕೆಲ್ಲ ಸೇರಿ ಒಂದು ಮೀಟರು, ಹೆಸರೂ ಬಿಲ್ಲೂ ನಮ್ಮ ಹೆಂಗಸರ ಸಂಘದ್ದು ಎಂದು ಸತ್ಯವ್ವ ಅಂದಳು. ಜಾಗ ಕೊಡುತ್ತೇನೆ, ಬಿಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ರಾಚಪ್ಪ ಒಪ್ಪಿದರು. ಅದು ಆಗುವವರೆಗೆ ಓಣಿಯ ನಳ ಮುಚ್ಚಕೂಡದು, ಯಾರಿಗೂ ಮೊದಲಿಗಿಂತ ನೀರು ಕಡಿಮೆಯಾಗಬಾರದೆಂದು ನಮ್ಮ ಬ್ಯಾಂಕಿನ ನಿಯಮವೇ ಇದೆ ಎಂದರು ಮೇಡಂ.

ವಾಪಸು ಬರುತ್ತ ಹುನಗುಂದದಲ್ಲಿ ಚಾಕ್ಕೆ ಕಾರು ನಿಲ್ಲಿಸಿದಾಗ ಧರ್ಮರಾಜ ಆಫ್ರೀನಳ ಹತ್ತಿರ ಬಂದು ನಿಂತರು. "ಇನ್ನ ಕಂತು ತಡಾ ಆಗತೈತಿ. ಮ್ಯಾಲಿನವರಿಗೆ ನಾ ಉತ್ತರಾ ಕೊಡಬೇಕು."

"ಹೌದ್ರಿ ಸರ್. ನನಗ ಸುಳ್ಳು ಹೇಳಾಕ ಆಗಲಿಲ್ಲ."

ಅವರು ಚಾದ ಕಪ್ಪು ಕೆಳಗಿಟ್ಟರು. "ಚಾಳದ ಮಂದಿ ಬಗ್ಗೆ ನೀ ಮೊದಲ ಹೇಳಬೇಕಿತ್ತಲ್ಲ. ಓಣಿ ತಿರಗಾಕಿ ನೀನ." ಆ ಮಾತು ಅವಳಿಗೆ ಚುಚ್ಚಿತು. ಅವಳು ತಿರುಗಿದ್ದೆಲ್ಲ ಸ್ವಂತ ಮನೆಯವರ ಬಾಗಿಲಿಗೆ ಮಾತ್ರ.

ಕಂತು ತಡವಾಗಿಯೇ ಬಂತು. ಆದರೆ ಮಾರ್ಚಿನಲ್ಲಿ ಆಫ್ರೀನಳ ಗುತ್ತಿಗೆ ಮುಂದುವರಿಯಿತು. ಬಾಡಿಗೆ ಮನೆಯವರಿಗೂ ನಳ ಸಿಕ್ಕಿತೇ ಎಂದು ನೋಡುವ ಕೆಲಸ ಹೊಸದಾಗಿ ಸೇರಿತು, ಅಂದರೆ ತಿರುಗಾಟ ಎರಡರಷ್ಟಾಯಿತು.

ಮಳೆಗಾಲದಲ್ಲಿ ಇಳಕಲ್ಲಿಗೆ ಹೋದಾಗ ಚಾಳದ ಅಂಗಳದಲ್ಲಿ ಹೊಸ ನಳ ಸುರಿಯುತ್ತಿತ್ತು. ಬಿಲ್ಲು ಹಂಚಿಕೊಳ್ಳಲು, ಯಾರು ಸೀರೆ ಒಗೆದರು, ಯಾರು ಬರೀ ಕೊಡ ತುಂಬಿದರು ಎಂದು ಹೆಂಗಸರು ಜೋರು ಜಗಳದಲ್ಲಿದ್ದರು. ಸತ್ಯವ್ವ ಸೊಂಟಕ್ಕೆ ಕೈಯಿಟ್ಟು ನಡುವೆ ನಿಂತು ನ್ಯಾಯ ಹೇಳುತ್ತಿದ್ದಳು. ಆಫ್ರೀನಳನ್ನು ಕಂಡು, "ಬಾ ತಂಗಿ, ಚಾ ಕುಡದು ಹೋಗು" ಎಂದು ಒಳಗೆ ಕರೆದಳು. ಆಫ್ರೀನ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮಾತಿಗೆ ಕುಳಿತವಳಿಗೆ ಬಾಗಲಕೋಟೆಯ ಬಸ್ಸು ತಪ್ಪಿತು.